ಇಂಡೋನೇಷ್ಯಾದ ಹಾಡುಗಳಿಗೆ ಅಷ್ಟೊಂದು ವ್ಯೂಸ್ ಹೇಗೆ?

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಇಂಡೋನೇಷ್ಯಾದ ಹಾಡುಗಳಿಗೆ ಕೋಟಿಗಟ್ಟಲೆ ವ್ಯೂಸ್ ಇರುತ್ತವೆ. ಎಷ್ಟೋ ವಿಡಿಯೊ ಬರೀ ಸ್ಟೇಜ್ ಶೋ. ಕೇಳಿದರೆ ಹಳೇ ಹಿಂದಿ ಹಾಡಿನ ನೆನಪಾಗುತ್ತದೆ. ಯಾಕೆ?

ಉತ್ತರ: ನಿಮ್ಮ ಕಿವಿ ಸರಿಯಾಗೇ ಹಿಡಿದಿದೆ. ನೀವು ಕೇಳಿದ್ದು ಬಹುಶಃ ಅಲ್ಲಿನ ಜನಪ್ರಿಯ ಸಂಗೀತವಾದ ದಂಗ್‌ದುತ್. ಹೆಸರು ಬಂದದ್ದೇ ಜೋಡಿ ಚರ್ಮವಾದ್ಯದ ‘ದಂಗ್’, ‘ದುತ್’ ಸದ್ದಿನಿಂದ. ನಮ್ಮ ತಬಲಾದ ಸದ್ದೇ ಅಲ್ವಾ! 1950–60ರ ದಶಕಗಳಲ್ಲಿ ಹಿಂದಿ ಸಿನಿಮಾ ಹಾಡುಗಳು ಅಲ್ಲಿ ಮನೆಮಾತಾಗಿದ್ದವು. ಅಲ್ಲಿನ ಮಲಯ್ ವಾದ್ಯತಂಡಗಳು ಆ ಧಾಟಿಯನ್ನು ತಮ್ಮದಾಗಿಸಿಕೊಂಡವು. 1970ರ ದಶಕದಲ್ಲಿ ಗಾಯಕ ರೋಮಾ ಇರಾಮಾ ಅದಕ್ಕೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿ ಅಬ್ಬರ ತಂದರು.

ಇನ್ನು ಸ್ಟೇಜ್ ಶೋ ವಿಷಯ. ನನಗೆ ತುಂಬಾ ಇಷ್ಟವಾಗೋದು ಇದೇ. 1990ರ ದಶಕದಲ್ಲಿ ಪೂರ್ವ ಜಾವಾದಲ್ಲಿ ದಂಗ್‌ದುತ್‌ನ ವೇಗದ ರೂಪ ಹುಟ್ಟಿತು, ಹೆಸರು ಕೊಪ್ಲೊ. ಮದುವೆ, ಹಬ್ಬ ಅಂದರೆ ಬಯಲಲ್ಲಿ ಸ್ಟೇಜ್ ಹಾಕಿ ತಂಡ ಕರೆಸುತ್ತಾರೆ. ನಮ್ಮೂರುಗಳ ರಸಮಂಜರಿ ನೆನಪಿಸಿಕೊಳ್ಳಿ. ಅದನ್ನೇ ಶೂಟ್ ಮಾಡಿ ವಿಸಿಡಿ ಮಾಡಿ ಸಂತೆಗಳಲ್ಲಿ ಮಾರುತ್ತಿದ್ದರು. ಇನುಲ್ ದಾರತಿಸ್ತಾ ಎಂಬ ಹಳ್ಳಿ ಗಾಯಕಿ ಮೊದಲು ಮನೆಮನೆ ತಲುಪಿದ್ದು ಇಂಥ ವಿಸಿಡಿಗಳ ಕಳ್ಳ ಕಾಪಿಗಳಿಂದ. 2003ರಲ್ಲಿ ಟಿವಿಯವರು ಕರೆಯುವ ಹೊತ್ತಿಗೆ ಜನ ಆಕೆಯನ್ನು ನೋಡಿಯಾಗಿತ್ತು.

ಮುಂದೆ ವಿಸಿಡಿ ಜಾಗಕ್ಕೆ ಯೂಟ್ಯೂಬ್ ಬಂತು. ಶೂಟ್ ಮಾಡೋರು ಇದ್ದರು, ನೋಡೋರೂ ಇದ್ದರು. ಮೊಬೈಲ್ ಡೇಟಾ ಸಿಕ್ಕಿತು, ಅಷ್ಟೇ. ದೇಶದಲ್ಲಿ 27 ಕೋಟಿಗೂ ಜಾಸ್ತಿ ಜನ. ಪಕ್ಕದ ಮಲೇಷ್ಯಾದವರಿಗೂ ಭಾಷೆ ಹೆಚ್ಚುಕಡಿಮೆ ಅರ್ಥವಾಗುತ್ತದೆ. ಹಾಗಾಗಿ ಕೋಟಿ ಲೆಕ್ಕ ನನಗೆ ಆಶ್ಚರ್ಯ ತರಿಸುವುದಿಲ್ಲ.

ಗಾಯಕಿ ವಿಯಾ ವಾಲೆನ್ ಅವರನ್ನೇ ನೋಡಿ. ಅವರೂ ಇಂಥ ಸ್ಟೇಜ್‌ಗಳಲ್ಲೇ ಹಾಡಿ ಬೆಳೆದವರು. 2017ರ ‘ಸಾಯಾಂಗ್’ ವಿಡಿಯೊ 10 ಕೋಟಿ ವ್ಯೂಸ್ ದಾಟಿತು. ಅದರ ಸಾಹಿತ್ಯ ಬಹುಪಾಲು ಜಾವಾ ಭಾಷೆಯದು, ರಾಷ್ಟ್ರಭಾಷೆಯದಲ್ಲ. ಮನೆಯಲ್ಲಾಡುವ ಮಾತಿನ ಹಾಡು ಅಷ್ಟು ದೂರ ಹೋಯಿತಲ್ಲ, ಅದು ನನಗೆ ದೊಡ್ಡ ಖುಷಿ. ಮರುವರ್ಷ ಜಕಾರ್ತಾದ ಏಷ್ಯನ್ ಗೇಮ್ಸ್ ಉದ್ಘಾಟನೆಯಲ್ಲಿ ಅವರೇ ಹಾಡಿದರು.

ನಮ್ಮ ಕಡೆಯ ಹಾಡುಗಳೂ ಅಲ್ಲಿ ಹೊಸದಾಗಿ ಹುಟ್ಟುತ್ತವೆ. 2011ರಲ್ಲಿ ಗೊರೊಂತಾಲೊ ಪ್ರಾಂತ್ಯದ ಪೊಲೀಸ್ ನಾರ್ಮನ್ ಕಮಾರು ಯೂನಿಫಾರ್ಮ್‌ನಲ್ಲೇ ‘ಛೈಯ್ಯಾ ಛೈಯ್ಯಾ’ಗೆ ತುಟಿ ಆಡಿಸಿದರು. ಆ ವಿಡಿಯೊ ನೋಡಿ ಇಡೀ ದೇಶವೇ ನಕ್ಕು ಕುಣಿಯಿತು.

ಮುಂದಿನ ಸಲ ಕೊಪ್ಲೊ ವಿಡಿಯೊ ಸಿಕ್ಕರೆ ಗಾಯಕಿಯ ಹಿಂದೆ ಕೂತ ಕೆಂಡಾಂಗ್ (ಚರ್ಮವಾದ್ಯ) ವಾದಕರ ಕೈ ನೋಡಿ. ಆಕೆಯ ಕುಣಿತಕ್ಕೆ ಪೆಟ್ಟು ಕೊಡುವವರು ಅವರೇ.