ಜೊತೆ ಬೆಳೆ: ಪಕ್ಕದ ಗಿಡ ಮಾಡುವ ಉಪಕಾರವೇನು?

ಒಂದು ಗಿಡಕ್ಕೆ ಅನುಕೂಲವಾಗಲೆಂದು ಅದರ ಪಕ್ಕದಲ್ಲಿ ಬೇಕೆಂದೇ ಬೇರೆ ಜಾತಿಯ ಗಿಡವನ್ನು ಬೆಳೆಸುವ ಕ್ರಮಕ್ಕೆ ಜೊತೆ ಬೆಳೆ ಎನ್ನುತ್ತಾರೆ. ಮಿಶ್ರ ಬೆಳೆ, ಅಂತರ ಬೆಳೆಗಳಿಗೂ ಇದಕ್ಕೂ ನಂಟಿದೆ. ಆದರೆ ಅಲ್ಲಿ ಒಂದೇ ನೆಲದಿಂದ ಎರಡು ಫಸಲು ಪಡೆಯುವುದು ಮುಖ್ಯ. ಇಲ್ಲಿ ಎರಡನೆಯ ಗಿಡದಿಂದ ಏನನ್ನೂ ಕೊಯ್ಯದಿದ್ದರೂ ನಡೆಯುತ್ತದೆ, ಮೊದಲನೆಯದಕ್ಕೆ ಉಪಕಾರವಾದರೆ ಸಾಕು.

ಆ ಉಪಕಾರ ಯಾವ ದಾರಿಯಿಂದ ಆಗುತ್ತದೆ? ಕೈತೋಟದವರು ಮೊದಲು ಕೇಳಬೇಕಾದದ್ದು ಇದನ್ನೇ. ಯಾವ ಗಿಡಕ್ಕೆ ಯಾವುದು ಮಿತ್ರ, ಯಾವುದು ಶತ್ರು ಎಂದು ಜಾತಕ ಕೂಡಿಸಿದಂತೆ ಬರೆದ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಕಾರಣ ಮಾತ್ರ ಅವುಗಳಲ್ಲಿ ಇರುವುದು ಅಪರೂಪ. ಟೊಮೆಟೊ ಪಕ್ಕದಲ್ಲಿ ಕಾಮಕಸ್ತೂರಿ ನೆಟ್ಟರೆ ಹಣ್ಣಿನ ರುಚಿ ಹೆಚ್ಚುತ್ತದೆ ಎಂಬ ಮಾತನ್ನು ನಾನಂತೂ ನಂಬುವುದಿಲ್ಲ.

ನಂಬಬಹುದಾದ ದಾರಿಗಳಲ್ಲಿ ಕುತೂಹಲಕರವಾದದ್ದು ಕೀಟದ ದಾರಿ ತಪ್ಪಿಸುವುದು. ಬ್ರಿಟನ್ನಿನ ಸ್ಟ್ಯಾನ್ ಫಿಂಚ್ ಮತ್ತು ರೋಸ್‌ಮರಿ ಕಾಲಿಯರ್ ಎಂಬ ಕೀಟವಿಜ್ಞಾನಿಗಳು 2000ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಕೋಸಿನ ಬೇರು ತಿನ್ನುವ ಮರಿಹುಳುವಿನ ತಾಯಿಯಾದ ಎಲೆಕೋಸಿನ ಬೇರುನೊಣ ವಾಸನೆ ಹಿಡಿದು ಹತ್ತಿರ ಬರುತ್ತದೆ, ಆದರೆ ಇಳಿಯುವುದು ಕಣ್ಣಿಗೆ ಹಸಿರು ಕಂಡ ಕಡೆ. ಇಳಿದು ಎಲೆಯನ್ನು ಕಾಲಿನಿಂದಲೇ ಪರೀಕ್ಷಿಸುತ್ತದೆ, ಮತ್ತೆ ಹಾರಿ ಮತ್ತೆ ಇಳಿಯುತ್ತದೆ. ಹೀಗೆ ಸಾಲಾಗಿ ಕೆಲವು ಸಲ ಕೋಸಿನ ಎಲೆಯೇ ಸಿಕ್ಕರೆ ಮಾತ್ರ ಮೊಟ್ಟೆ ಇಡುತ್ತದೆ. ಸುತ್ತ ಬರೀ ಮಣ್ಣಿದ್ದರೆ ಇಳಿಯಲು ಕೋಸಿನ ಹೊರತು ಬೇರೆ ಹಸಿರೇ ಇಲ್ಲ, ಹಾಗಾಗಿ ನೊಣದ ಕೆಲಸ ಸಲೀಸು. ನಡುವೆ ಬೇರೆ ಗಿಡದ ಎಲೆ ಸಿಕ್ಕಿತೋ, ಅದರ ಲೆಕ್ಕ ತಪ್ಪುತ್ತದೆ. ಅವರ ಪ್ರಯೋಗದಲ್ಲಿ ಬರೀ ಮಣ್ಣಿನ ನಡುವಿನ ಕೋಸಿನ ಬುಡದಲ್ಲಿ ಶೇ 36ರಷ್ಟು ನೊಣಗಳು ಮೊಟ್ಟೆ ಇಟ್ಟರೆ, ಕ್ಲೋವರ್ ಎಂಬ ಮೇವಿನ ಸೊಪ್ಪಿನ ನಡುವಿನ ಕೋಸಿನಲ್ಲಿ ಶೇ 7ರಷ್ಟು ಮಾತ್ರ ಇಟ್ಟವು. ಹಸಿರು ಬಣ್ಣದ ರಟ್ಟಿನ ತುಂಡುಗಳನ್ನು ನಿಲ್ಲಿಸಿದಾಗಲೂ ನೊಣಗಳು ಹಾಗೆಯೇ ಮೋಸಹೋದವು! ಘಾಟು ವಾಸನೆಯ ಗಿಡ ನೆಟ್ಟರೆ ಕೀಟ ಓಡಿಹೋಗುತ್ತದೆ ಎನ್ನುವವರು ಈ ರಟ್ಟಿಗೆ ಏನು ವಾಸನೆಯಿತ್ತೆಂದು ಹೇಳಬೇಕು.

ಇನ್ನು ಚೆಂಡು ಹೂವು. ಎಲ್ಲ ಪಟ್ಟಿಗಳಲ್ಲೂ ಇದರ ಹೆಸರಿದೆ. ಹೆಸರು ಒಂದೇ ಆದರೂ ಕೆಲಸ ಎರಡು, ಎರಡಕ್ಕೂ ನೆಡುವ ಕ್ರಮ ಬೇರೆ. ಬೇರುಗಂಟು ತರುವ ಜಂತುಹುಳುಗಳನ್ನು ಹತ್ತಿಕ್ಕುವುದು ಮೊದಲನೆಯದು. ಗಿಡ್ಡ ಜಾತಿಯ ಫ್ರೆಂಚ್ ಚೆಂಡು ಹೂವಿನ ಬೇರಿನಲ್ಲಿ ಆಲ್ಫಾ-ಟರ್ಥೈನಿಲ್ ಎಂಬ ವಸ್ತುವಿದ್ದು, ಅದು ಈ ಹುಳುಗಳಿಗೆ ವಿಷ. ಆದರೆ ಪಾತಿಯ ನಾಲ್ಕು ಮೂಲೆಗೆ ನಾಲ್ಕು ಗಿಡ ನೆಟ್ಟರೆ ಏನೂ ಆಗುವುದಿಲ್ಲ. ತರಕಾರಿ ಹಾಕುವ ಮೊದಲು ಇಡೀ ಪಾತಿಯಲ್ಲಿ ಒತ್ತಾಗಿ, ಸುಮಾರು ಎರಡು ತಿಂಗಳು ಇದನ್ನೇ ಬೆಳೆಸಬೇಕು. ಎರಡನೆಯ ಕೆಲಸ ಬಲೆ ಬೆಳೆಯದು. ಟೊಮೆಟೊ ಕಾಯಿ ಕೊರೆಯುವ ಹುಳುವಿನ ಪತಂಗಕ್ಕೆ ಚೆಂಡು ಹೂವೆಂದರೆ ಇಷ್ಟ, ಮೊಟ್ಟೆಯನ್ನು ಅಲ್ಲೇ ಇಡುತ್ತದೆ. ಇದಕ್ಕೆ ಬೇಕಾದದ್ದು ಎತ್ತರದ ಜಾತಿ. ಹೊಲದ ಶಿಫಾರಸಿನ ಪ್ರಕಾರ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು. ನೆಡುವ ದಿನ ಟೊಮೆಟೊ ಸಸಿಗೆ 25 ದಿನ, ಚೆಂಡು ಹೂವಿನ ಸಸಿಗೆ 40 ದಿನ ಆಗಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಹುಳು ಕಂಡ ಹೂಗಳನ್ನು ಕಿತ್ತು ನಾಶಮಾಡದಿದ್ದರೆ ನೀವೇ ಹುಳುಗಳಿಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ.

ಹೂವಿನ ಉಪಯೋಗ ಇನ್ನೊಂದಿದೆ. ಕೊತ್ತಂಬರಿ, ಸಬ್ಬಸಿಗೆಗಳನ್ನು ಸೊಪ್ಪಿಗೆಂದು ಪೂರ್ತಿ ಕೀಳದೆ ಒಂದೆರಡು ಗಿಡಗಳನ್ನು ಹೂವಿಗೆ ಬಿಟ್ಟರೆ ಪರಾವಲಂಬಿ ಕಣಜಗಳೂ ಸಿರ್ಫಿಡ್ ನೊಣಗಳೂ ಮಕರಂದಕ್ಕೆ ಬರುತ್ತವೆ. ಈ ಕಣಜಗಳು ಬೆಳೆ ತಿನ್ನುವ ಕೀಟಗಳಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುತ್ತವೆ, ಸಿರ್ಫಿಡ್ ನೊಣದ ಮರಿಹುಳು ಸಸ್ಯಹೇನುಗಳನ್ನು ತಿನ್ನುತ್ತದೆ.

ಅಮೆರಿಕದ ಮೂಲನಿವಾಸಿಗಳು ಮುಸುಕಿನ ಜೋಳ, ಹುರುಳಿಕಾಯಿ (ಬೀನ್ಸ್), ಕುಂಬಳವನ್ನು ಒಟ್ಟಿಗೆ ಬೆಳೆದು 'ಮೂವರು ಸೋದರಿಯರು' ಎಂದು ಕರೆದರು. ಜೋಳದ ದಂಟು ಹುರುಳಿಬಳ್ಳಿಗೆ ಆಸರೆ, ಕುಂಬಳದ ಎಲೆ ನೆಲಕ್ಕೆ ನೆರಳು. ಹುರುಳಿಕಾಯಿ ಬಳ್ಳಿ ಪಕ್ಕದ ಗಿಡಕ್ಕೆ ಸಾರಜನಕ ಉಣಿಸುತ್ತದೆ ಎಂಬುದನ್ನು ಮಾತ್ರ ಸ್ವಲ್ಪ ತಡೆದು ಓದಬೇಕು. ಅದರ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯಿಂದ ಹಿಡಿದಿಟ್ಟ ಸಾರಜನಕದ ಬಹುಪಾಲು ಆ ಗಿಡಕ್ಕೇ ಹೋಗುತ್ತದೆ. ಉಳಿದವರಿಗೆ ಅದು ಸಿಗುವುದು ಬೇರು, ಎಲೆ ಕೊಳೆತ ಮೇಲೆ, ಹೆಚ್ಚಾಗಿ ಮುಂದಿನ ಬೆಳೆಗೆ. ಆದ್ದರಿಂದ ಕಾಯಿ ಮುಗಿದ ಬಳ್ಳಿಯನ್ನು ಬೇರುಸಹಿತ ಕಿತ್ತೆಸೆಯದೆ ಬುಡಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲೇ ಬಿಡುವುದು ಒಳ್ಳೆಯದು.

ಒಟ್ಟಿಗೆ ಇರಬಾರದವುಗಳ ವಿಷಯ ಸರಳ. ಟೊಮೆಟೊ ಮತ್ತು ಆಲೂಗಡ್ಡೆ ಒಂದೇ ಕುಟುಂಬದವು. ಒಂದಕ್ಕೆ ಅಂಗಮಾರಿ ಬಂದರೆ ಇನ್ನೊಂದಕ್ಕೂ ಹಬ್ಬುತ್ತದೆ. ಕುಂಡದಲ್ಲಿ ಬೆಳೆಯುವವರು ಇನ್ನೊಂದು ಮಾತನ್ನು ನೆನಪಿನಲ್ಲಿಡಬೇಕು: ಅಲ್ಲಿ ಮಣ್ಣು, ನೀರು ಎರಡೂ ಕಡಿಮೆ. ಪಕ್ಕದ ಗಿಡ ಎಷ್ಟೇ ಉಪಕಾರಿಯಾದರೂ ಮೊದಲು ಪಾಲುದಾರ. ಟೊಮೆಟೊದಂಥ ದೊಡ್ಡ ಬೇರಿನ ಗಿಡಕ್ಕೆ ಒಂದು ಕುಂಡ ಪೂರ್ತಿ ಬಿಟ್ಟು, ಜೊತೆಗಾರನನ್ನು ಪಕ್ಕದ ಕುಂಡದಲ್ಲಿಡಿ.