ಆಡಿನ ಮರಿ ಕೇಳಿದ ಹಿರಿಯ ಮಗ

"ಪಾಸ್ಟರ್, ಕೈ ಕೆಲಸ ಮಾಡ್ತಾ ಇದೆ. ಮನಸ್ಸು ಮಾತ್ರ ಬರ್ತಾ ಇಲ್ಲ."

ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ ಒಬ್ಬ ತಾಯಿ ಒಂದು ದಿನ ನನ್ನ ಎದುರು ಕೂತು ಹೀಗೆ ಹೇಳಿದರು. ಸಭೆಯಲ್ಲಿ ಯಾರಿಗೆ ಕಾಯಿಲೆ ಎಂದರೂ ಮೊದಲು ಹೋಗಿ ನೋಡುವವರು ಅವರೇ. ಸಭಾಪಾಲಕನಾಗಿ ಈ ಮಾತನ್ನು ನಾನು ಬೇರೆ ಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಹೇಳುವವರು ಸೋಮಾರಿಗಳಲ್ಲ. ಎಲ್ಲರಿಗಿಂತ ಜಾಸ್ತಿ ದುಡಿಯುವವರೇ.

ಇಂಥವರಿಗೆ ಇನ್ನಷ್ಟು ಪ್ರಾರ್ಥನೆ ಮಾಡಿ, ಉಪವಾಸ ಮಾಡಿ ಎಂದು ಹೇಳುವುದು ರೂಢಿ. ಮೊದಮೊದಲು ನಾನೂ ಹಾಗೇ ಹೇಳುತ್ತಿದ್ದೆ. ಈಗ ಮೊದಲು ಕೇಳುವುದು ನಿದ್ದೆ, ಊಟದ ವಿಚಾರ. ಬೈಬಲಿನ ಒಂದನೇ ಅರಸುಗಳು ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾಕಾಗಿ ಹೋಗಿ, ನನ್ನ ಪ್ರಾಣ ತೆಗೆದುಬಿಡು ಎಂದು ಕೇಳಿಕೊಂಡು ಒಂದು ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಗದರುವುದಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಮತ್ತೆ ಎಬ್ಬಿಸಿ ಊಟ ಮಾಡು ಎನ್ನುತ್ತಾನೆ. ಹೋರೇಬ್ ಬೆಟ್ಟದಲ್ಲಿ ದೇವರು ಮಾತಾಡುವುದು ಅದಾದ ಮೇಲೆ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ ಎನ್ನುವವರನ್ನು ನಾನು ವೈದ್ಯರ ಹತ್ತಿರ ಕಳಿಸುತ್ತೇನೆ. ಖಿನ್ನತೆ ಒಂದು ಕಾಯಿಲೆ. ಅದನ್ನು ಅಪನಂಬಿಕೆ ಎಂದು ಕರೆದು ನೊಂದವರನ್ನು ಇನ್ನೂ ನೋಯಿಸಬಾರದು.

ಆ ತಾಯಿಯ ನಿದ್ದೆ, ಊಟ ಚೆನ್ನಾಗಿಯೇ ಇತ್ತು. ನೋವು ಬೇರೆ ಕಡೆ ಇತ್ತು. ಮಾತಾಡುತ್ತಾ ಮಾತಾಡುತ್ತಾ ಅದು ಹೊರಗೆ ಬಂತು: "ಇಷ್ಟೆಲ್ಲಾ ಮಾಡಿದೆ. ಏನು ಸಿಕ್ತು?"

ಲೂಕನ ಸುವಾರ್ತೆ 15ರಲ್ಲಿ ಯೇಸು ಹೇಳಿದ ಕಥೆಯ ಹಿರಿಯ ಮಗ ಹೇಳುವುದೂ ಇದನ್ನೇ ಅಲ್ವಾ? ಆಸ್ತಿಯ ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿದ, ಮರಳಿ ಬಂದಾಗ ಅಪ್ಪ ಔತಣ ಮಾಡಿಸಿದ ತಮ್ಮನ ಬಗ್ಗೆ ನಾವು ಎಷ್ಟೋ ಪ್ರಸಂಗ ಕೇಳಿದ್ದೇವೆ. ಅಣ್ಣನ ಹತ್ತಿರ ಅಷ್ಟು ಹೊತ್ತು ನಿಲ್ಲುವುದಿಲ್ಲ. ಇಷ್ಟು ವರ್ಷ ನಿನಗಾಗಿ ದುಡಿದೆ, ನಿನ್ನ ಮಾತು ಒಂದನ್ನೂ ಮೀರಲಿಲ್ಲ, ನನ್ನ ಗೆಳೆಯರ ಜೊತೆ ಸಂಭ್ರಮಿಸಲು ಒಂದು ಆಡಿನ ಮರಿಯನ್ನೂ ನೀನು ಕೊಡಲಿಲ್ಲ ಎಂದು ಅವನು ಅಪ್ಪನಿಗೆ ಹೇಳುತ್ತಾನೆ. ಅಲ್ಲಿ 'ದುಡಿದೆ' ಎನ್ನುವುದಕ್ಕೆ ಮೂಲ ಗ್ರೀಕ್‌ನಲ್ಲಿರುವುದು ಗುಲಾಮನ ದುಡಿಮೆಗೆ ಬಳಸುವ ಪದ. ಮನೆಯ ಮಗ ಆಳಿನ ಲೆಕ್ಕ ಇಟ್ಟುಕೊಂಡಿದ್ದ. ಅವನ ನಡತೆಯಲ್ಲಿ ಕೊರತೆ ಇರಲಿಲ್ಲ, ಸೇವೆಯಲ್ಲೂ ಇರಲಿಲ್ಲ. ಆದರೆ ಒಳಗೆ ಹಾಡು, ಕುಣಿತ ನಡೆಯುತ್ತಿರುವಾಗ ಅವನೊಬ್ಬ ಹೊರಗೆ ನಿಂತಿದ್ದ. ಅಪ್ಪ ಅವನಿಗೋಸ್ಕರವೂ ಎದ್ದು ಹೊರಗೆ ಬಂದ. ಮಗನೇ, ನೀನು ಯಾವಾಗಲೂ ನನ್ನ ಜೊತೆ ಇದ್ದೀಯ, ನನ್ನದೆಲ್ಲಾ ನಿನ್ನದೇ ಎಂದ.

ನಾನು ಕಂಡ ಮಟ್ಟಿಗೆ, ಸಂತೋಷ ಸೋರಿಹೋಗುವುದು ಇಲ್ಲೇ. ಪರಿಶುದ್ಧತೆಯನ್ನೂ ಸೇವೆಯನ್ನೂ ನಾವು ದೇವರ ಮೆಚ್ಚುಗೆ ಸಂಪಾದಿಸುವ ಕೂಲಿ ಕೆಲಸ ಮಾಡಿಕೊಳ್ಳುತ್ತೇವೆ.

ಬೈಬಲ್ ಇಟ್ಟಿರುವ ಕ್ರಮ ನೋಡಿ. ಹತ್ತು ಆಜ್ಞೆಗಳು ಬರುವುದು ವಿಮೋಚನಕಾಂಡ 20ರಲ್ಲಿ. ಅಷ್ಟರಲ್ಲಿ ಇಸ್ರಾಯೇಲ್ ಜನ ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಹೊರಗೆ ಬಂದಾಗಿದೆ, ಸಮುದ್ರ ದಾಟಿ ಆಗಿದೆ. ನಿಮ್ಮನ್ನು ಬಿಡಿಸಿದ ದೇವರು ನಾನೇ ಎಂಬ ಮಾತು ಮೊದಲು, ಆಮೇಲೆ ಆಜ್ಞೆ. ಬಿಡುಗಡೆ ಆಜ್ಞೆ ಪಾಲಿಸಿದ್ದಕ್ಕೆ ಕೊಟ್ಟ ಬಹುಮಾನ ಅಲ್ಲ. ಹೀಬ್ರೂ ಭಾಷೆಯ 'ಕಾದೋಷ್' ಎಂಬ ಪದವನ್ನು ನಾವು ಪರಿಶುದ್ಧ ಎನ್ನುತ್ತೇವೆ. ಆ ಪದದಲ್ಲಿ ಪ್ರತ್ಯೇಕಿಸಿ ಇಟ್ಟದ್ದು ಎಂಬ ಅರ್ಥ ಇದೆ. ಆ ಜನ ಆರಾಧನೆ ಮಾಡುತ್ತಿದ್ದ ದೇವದರ್ಶನದ ಗುಡಾರದಲ್ಲಿದ್ದ ಒಂದು ಬಟ್ಟಲು ಪರಿಶುದ್ಧ ಎನಿಸಿದ್ದು ಅದು ಹೊಳೆಯುತ್ತಿದ್ದುದರಿಂದ ಅಲ್ಲ, ದೇವರದ್ದಾಗಿ ಇದ್ದುದರಿಂದ. ಮೊದಲು ನಾವು ಆತನವರು. ಬದುಕು ತಿದ್ದಿಕೊಳ್ಳುವುದು ಅದರ ಹಿಂದೆ ಬರುತ್ತದೆ.

ಹಾಗೆ ಬರುವ ಪರಿಶುದ್ಧತೆ ಎಷ್ಟು ದಿನನಿತ್ಯದ್ದು ಎಂದು ತಿಳಿಯಬೇಕಾದರೆ ಯಾಜಕಕಾಂಡ 19 ಓದಿ. ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಿ ಎಂದು ಶುರುವಾಗುವ ಅಧ್ಯಾಯ ಅದು. ಮುಂದೆ ಏನಿದೆ? ಹೊಲದ ಅಂಚಿನ ಬೆಳೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ. ಕೂಲಿಯವನ ಹಣವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡಿ. ಕಿವುಡನನ್ನು ಬೈಯಬೇಡಿ, ಕುರುಡನ ದಾರಿಗೆ ಕಲ್ಲು ಇಡಬೇಡಿ. ತೂಕದಲ್ಲಿ ಮೋಸ ಬೇಡ. ನಿನ್ನಂತೆಯೇ ನೆರೆಯವನನ್ನು ಪ್ರೀತಿಸು ಎಂಬ ಮಾತು ಇರುವುದೂ ಇದೇ ಅಧ್ಯಾಯದಲ್ಲಿ. ಪರಿಶುದ್ಧತೆ ಒಂದು ಕಡೆ, ಸೇವೆ ಇನ್ನೊಂದು ಕಡೆ ಎಂದು ಎರಡು ಗಂಟು ಹೊತ್ತವರಿಗೆ ನಾನು ಈ ಅಧ್ಯಾಯವನ್ನೇ ತೆಗೆದು ಕೊಡುವುದು. ಇಲ್ಲಿ ಇರುವುದು ಒಂದೇ ಗಂಟು.

ಪರಿಶುದ್ಧರಾಗಿರಿ ಎಂಬ ಈ ಕರೆ ಪಾದ್ರಿಗಳಿಗೆ, ಸನ್ಯಾಸಿನಿಯರಿಗೆ ಮಾತ್ರ ಎಂದು ಬಹಳ ಮಂದಿ ಇವತ್ತಿಗೂ ತಿಳಿದಿದ್ದಾರೆ. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲೇ ಇದನ್ನು ಅಲ್ಲಗಳೆದರು. ಕ್ಯಾಥೋಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕ್ರೈಸ್ತ ಸಭೆಯ (ಚರ್ಚಿನ) ಕುರಿತು ಹೊರಡಿಸಿದ ದಾಖಲೆಯಲ್ಲಿ ಒಂದು ಇಡೀ ಅಧ್ಯಾಯವನ್ನು ಇದಕ್ಕೇ ಇಟ್ಟಿತು. ಎಲ್ಲರಿಗೂ ಪರಿಶುದ್ಧತೆಯ ಕರೆ ಇದೆ ಎಂದಿತು.

ನನಗೆ ತುಂಬಾ ಹತ್ತಿರವಾದವರು ಬ್ರದರ್ ಲಾರೆನ್ಸ್. 17ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಕಾರ್ಮೆಲ್ ಪಂಥದ ಸನ್ಯಾಸಿಗಳ ಮಠದಲ್ಲಿ ಇದ್ದವರು. ಮೊದಲು ಸೈನಿಕರಾಗಿದ್ದರು. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆ ಕೆಲಸ. ಅದು ಅವರಿಗೆ ಸ್ವಭಾವತಃ ಇಷ್ಟವೇ ಇಲ್ಲದ ಕೆಲಸ. ಪಾತ್ರೆಗಳ ಸದ್ದಿನ ನಡುವೆಯೇ ದೇವರ ಜೊತೆ ಮಾತಾಡುವುದನ್ನು ಅವರು ರೂಢಿ ಮಾಡಿಕೊಂಡರು. ಅದೂ ಒಂದೇ ದಿನಕ್ಕೆ ಬಂದದ್ದಲ್ಲ. ಮೊದಲ ಹತ್ತು ವರ್ಷ ಒಳಗೆ ತುಂಬಾ ನರಳಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಯಾಕೆ ಇನ್ನೂ ಸಂತೋಷ ಬಂದಿಲ್ಲ ಎಂದು ತಮ್ಮನ್ನು ತಾವೇ ಬೈದುಕೊಳ್ಳುವವರಿಗೆ ಈ ಹತ್ತು ವರ್ಷದ ಮಾತು ಗೊತ್ತಿರಬೇಕು.

ಕೆಲಸ ಚೆನ್ನಾಗಿ ನಡೆದಾಗಲೂ ಒಂದು ಅಪಾಯ ಇದೆ. ಲೂಕ 10ರಲ್ಲಿ ಯೇಸು ಕಳಿಸಿದ ಶಿಷ್ಯರು ಖುಷಿಯಿಂದ ಹಿಂತಿರುಗುತ್ತಾರೆ, ದೆವ್ವಗಳೂ ನಮಗೆ ಅಧೀನವಾದವು ಎನ್ನುತ್ತಾರೆ. ಅದಕ್ಕೆ ಸಂತೋಷಪಡಬೇಡಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆ ಎಂದು ಸಂತೋಷಪಡಿ ಎನ್ನುತ್ತಾನೆ ಯೇಸು. ಫಲಿತಾಂಶಕ್ಕೆ ಕಟ್ಟಿದ ಖುಷಿ ಮುಂದಿನ ಸೋಲಿಗೇ ಬಿದ್ದುಹೋಗುತ್ತದೆ ಎಂದು ಆತನಿಗೆ ಗೊತ್ತಿತ್ತು ಎಂದು ನನಗೆ ಅನಿಸುತ್ತದೆ.

ಆ ತಾಯಿಗೆ ನಾನು ಆರು ವಾರ ಪಾಠ ಬಿಡಿ ಎಂದೆ. "ಮಕ್ಕಳನ್ನ ಯಾರು ನೋಡ್ಕೊಳ್ತಾರೆ?" ಎಂದು ಅತ್ತರು. ನಾವು ನೋಡಿಕೊಳ್ಳುತ್ತೇವೆ, ನೀವು ಆರಾಧನೆಗೆ ಬಂದು ಸುಮ್ನೆ ಕೂತುಕೊಳ್ಳಿ ಅಮ್ಮ ಎಂದೆ. ಯೋಹಾನ 13ರಲ್ಲಿ ಯೇಸು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರನಿಗೂ ಕಷ್ಟವಾದದ್ದು ಇದೇ. ಬೇರೆಯವರ ಕಾಲು ತೊಳೆ ಎಂದಿದ್ದರೆ ತೊಳೆಯುತ್ತಿದ್ದನೋ ಏನೋ. ತನ್ನ ಕಾಲು ಚಾಚಿ ಕೂರುವುದು ಅವನಿಂದ ಆಗಲಿಲ್ಲ. ನಾನು ನಿನ್ನನ್ನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಎಂದು ಯೇಸು ಹೇಳಬೇಕಾಯಿತು. ಒಬ್ಬರ ಕಾಲನ್ನು ಒಬ್ಬರು ತೊಳೆಯಿರಿ ಎಂಬ ಮಾತು ಬಂದದ್ದು ಆಮೇಲೆ.

ಆರು ವಾರ ಎಂದದ್ದು ಎಂಟಾಯಿತು. ಆಮೇಲೆ ಅವರೇ ಬಂದು ಮತ್ತೆ ಕ್ಲಾಸ್ ಕೇಳಿದರು. ಕೆಲವು ತಿಂಗಳ ನಂತರ, ಹೇಗಿದ್ದೀರಿ ಅಮ್ಮ ಎಂದು ವಿಚಾರಿಸಿದೆ. "ಮೊದಲು ಮಕ್ಕಳ ಹೆಸರು ಹಿಡಿದು ಹಾಜರಿ ಕರೀತಾ ಇದ್ದೆ ಪಾಸ್ಟರ್," ಎಂದರು, "ಈಗ ಮನೆಯಲ್ಲಿ ಅದೇ ಹೆಸರು ಹಿಡಿದು ಒಬ್ಬೊಬ್ಬರಿಗೂ ಪ್ರಾರ್ಥನೆ ಮಾಡ್ತೀನಿ."