ಕೊರತೆ ಎಂದರೆ ಖಾಲಿ ಕುರ್ಚಿಯಲ್ಲ

ಮಕ್ಕಳು ಏನು ಓದಬೇಕು, ಯಾವ ಕೆಲಸಕ್ಕೆ ಹೋಗಬೇಕು ಎಂದು ನನ್ನ ಸಲಹೆ ಕೇಳಲು, ಪತ್ರಿಕೆಯ ತುಣುಕನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬರುವ ಅಪ್ಪಂದಿರನ್ನು ನಾನು ಬಾಗಿಲಲ್ಲೇ ಗುರುತಿಸುತ್ತೇನೆ. ಈಗ ತುಣುಕಿನ ಜಾಗಕ್ಕೆ ಮೊಬೈಲ್ ಬಂದಿದೆ, ಅಷ್ಟೇ. ಕಳೆದ ತಿಂಗಳು ಬಂದವರೊಬ್ಬರು ಕೂರುವ ಮೊದಲೇ ತೆರೆದು ತೋರಿಸಿದರು: 2030ರ ಹೊತ್ತಿಗೆ ಜಗತ್ತಿನಲ್ಲಿ ಒಂದು ಕೋಟಿಗೂ ಹೆಚ್ಚು ಆರೋಗ್ಯ ಸಿಬ್ಬಂದಿಯ ಕೊರತೆ. “ಒಂದು ಕೋಟಿ ಮೇಡಂ! ಅದರಲ್ಲಿ ನಮ್ಮ ಹುಡುಗಿಗೆ ಒಂದೇ ಒಂದು ನರ್ಸ್ ಕೆಲಸ ಸಿಗಲ್ವಾ?” ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು.

ಅಂಕಿ ಸುಳ್ಳಲ್ಲ, ವಿಶ್ವ ಆರೋಗ್ಯ ಸಂಸ್ಥೆಯದೇ. ಇದೇ 2030ಕ್ಕೆ ಅದು 2016ರಲ್ಲಿ ಹೇಳಿದ್ದು 1.8 ಕೋಟಿ, ಆಮೇಲೆ ಒಂದು ಕೋಟಿಗೆ ಇಳಿಸಿತು. ಅಂದಾಜು ಎಂದರೆ ಹೀಗೇ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಆ ‘ಕೊರತೆ’ ಎಂಬ ಮಾತನ್ನು ನಾವು ಓದುವ ರೀತಿಗೆ. ಇಪ್ಪತ್ತು ವರ್ಷಗಳಿಂದ ಇದೊಂದನ್ನೇ ಹೇಳುತ್ತಿದ್ದೇನೆ, ಇವತ್ತು ಮತ್ತೊಮ್ಮೆ.

ಇಂಥ ಲೆಕ್ಕ ಹುಟ್ಟುವುದು ಹೀಗೆ: ಇಷ್ಟು ಜನಸಂಖ್ಯೆಗೆ ತಕ್ಕ ಚಿಕಿತ್ಸೆ ಸಿಗಬೇಕಾದರೆ ಇಷ್ಟು ಸಿಬ್ಬಂದಿ ಬೇಕು, ಆಗ ಇರಬಹುದಾದವರು ಇಷ್ಟು, ಕಳೆದರೆ ಉಳಿದದ್ದು ಕೊರತೆ. ಇದರಲ್ಲಿ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಎಲ್ಲಿಯೂ ಬಂದಿಲ್ಲ, ಗಮನಿಸಿ. ಇದು ಅಗತ್ಯದ ಲೆಕ್ಕ. ಬೇಡಿಕೆ ಬೇರೆ. ಹುದ್ದೆ ಮಂಜೂರಾಗಿ, ಸಂಬಳಕ್ಕೆ ದುಡ್ಡು ಎತ್ತಿಟ್ಟು, ಅರ್ಜಿ ಕರೆದರೆ ಅದು ಬೇಡಿಕೆ. ವಾರ್ಡಿನಲ್ಲಿ ಒಬ್ಬಳೇ ನರ್ಸ್ ಮೂವರ ಕೆಲಸ ಮಾಡುತ್ತಿರುತ್ತಾಳೆ, ತರಬೇತಿ ಮುಗಿಸಿದ ಇಬ್ಬರು ಅದೇ ಊರಲ್ಲಿ ಕೆಲಸವಿಲ್ಲದೆ ಮನೆಯಲ್ಲಿರುತ್ತಾರೆ. ಎಷ್ಟೋ ದೇಶಗಳಲ್ಲಿ ಈ ಎರಡೂ ಒಟ್ಟಿಗೇ ನಿಜ. ಕೊರತೆಯೂ ಇದೆ, ನಿರುದ್ಯೋಗವೂ ಇದೆ. ಅಪ್ಪ ತೋರಿಸಿದ ಆ ಕೋಟಿಯಲ್ಲಿ ಕನ್ನಡಿಯೊಳಗಿನ ಗಂಟೂ ಸೇರಿದೆ.

ಇನ್ನು ಉದ್ಯಮದವರು “ಜನ ಸಿಗುತ್ತಿಲ್ಲ” ಎಂದಾಗ ಅದು ಮೂರನೆಯ ಬಗೆಯ ಕೊರತೆ. ಆ ವಾಕ್ಯಕ್ಕೆ “ನಾವು ಕೊಡುವ ಸಂಬಳಕ್ಕೆ” ಎಂದು ಸೇರಿಸಿಕೊಂಡು ಓದಿ, ಬಹಳಷ್ಟು ಸಲ ಅರ್ಥ ಸರಿಹೋಗುತ್ತದೆ. ಜನ ನಿಜಕ್ಕೂ ಸಿಗದಿದ್ದರೆ ಹೊಸಬರ ಸಂಬಳ ಏರಬೇಕು. ನಾಲ್ಕಾರು ವರ್ಷ ಅದು ಅಲುಗದಿದ್ದರೆ ನನಗೆ ಅನುಮಾನ ಬರುತ್ತದೆ. ಸರ್ಕಾರವೇ ಸಂಬಳ ನಿಗದಿ ಮಾಡುವ ಕಡೆ ಮಾತ್ರ ಈ ಪರೀಕ್ಷೆ ಅಷ್ಟಾಗಿ ನಡೆಯದು.

ಶೇಕಡಾವಾರಿನ ಮೋಹದ ಬಗ್ಗೆ ಎರಡೇ ಮಾತು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023–33ರ ಮುನ್ನೋಟದಲ್ಲಿ ಅತಿ ವೇಗವಾಗಿ ಬೆಳೆಯುವ ಕೆಲಸ ಗಾಳಿಯಂತ್ರ ತಂತ್ರಜ್ಞರದು, ಸುಮಾರು ಶೇ 60. ಹೊಸ ಹುದ್ದೆ ಎಷ್ಟು? ಹತ್ತು ವರ್ಷಕ್ಕೆ ಸುಮಾರು ಏಳು ಸಾವಿರ. ಮನೆಗೆ ಹೋಗಿ ವೃದ್ಧರನ್ನೂ ರೋಗಿಗಳನ್ನೂ ನೋಡಿಕೊಳ್ಳುವವರ ಬೆಳವಣಿಗೆ ಬರೀ ಶೇ 21, ಹುದ್ದೆ ಎಂಟು ಲಕ್ಷ. ಆ ಎಂಟು ಲಕ್ಷದ ತುಣುಕು ಹಿಡಿದು ನನ್ನ ಬಳಿ ಇದುವರೆಗೆ ಯಾರೂ ಬಂದಿಲ್ಲ! ಸಂಬಳ ಕಡಿಮೆ, ನೋಡಿ.

ನಾನೂ ಮೋಸಹೋಗಿದ್ದೇನೆ. ಕಚ್ಚಾ ತೈಲ ಬ್ಯಾರೆಲ್‌ಗೆ ನೂರು ಡಾಲರ್ ದಾಟಿದ್ದ ಕಾಲ. ಹಳೆಯ ಎಂಜಿನಿಯರುಗಳೆಲ್ಲ ಒಟ್ಟಿಗೆ ನಿವೃತ್ತರಾಗುತ್ತಾರೆ, ಪೆಟ್ರೋಲಿಯಂ ಎಂಜಿನಿಯರುಗಳಿಗೆ ಬರಗಾಲ ಎಂಬ ಮಾತು ಎಲ್ಲೆಲ್ಲೂ. ಒಬ್ಬ ಜಾಣ ಹುಡುಗನನ್ನು ನಾನೇ ಆ ಕಡೆ ತಿರುಗಿಸಿದೆ. 2014ರ ನಡುವಿನಿಂದ ಬೆಲೆ ಕುಸಿಯಿತು, 2016ರ ಆರಂಭಕ್ಕೆ ಮೂವತ್ತು ಡಾಲರಿಗೂ ಕೆಳಗೆ. ಅವನು ಪದವಿ ಮುಗಿಸಿದ್ದು ಅದೇ ವರ್ಷ. ಅದೇ ಬರಗಾಲದ ಮಾತು ನಂಬಿ ಅದೇ ಕೋರ್ಸಿಗೆ ನುಗ್ಗಿದ್ದವರೆಲ್ಲ ಅವನ ಜೊತೆಗೇ ಹೊರಬಂದರು. ಅಗತ್ಯ ಇಂದು ಕಂಡರೂ ಕಲಿತವರು ಬರುವುದು ನಾಲ್ಕು ವರ್ಷ ತಡವಾಗಿ. ರಿಚರ್ಡ್ ಫ್ರೀಮನ್ ಎಂಬ ಅರ್ಥಶಾಸ್ತ್ರಜ್ಞರು ಎಂಜಿನಿಯರುಗಳ ವಿಷಯದಲ್ಲಿ ಈ ಏರಿಳಿತವನ್ನು 1970ರ ದಶಕದಲ್ಲೇ ತೋರಿಸಿದ್ದರು. ಓದಿಕೊಂಡಿದ್ದೆ, ಹೊತ್ತಿಗೆ ನೆನಪಾಗಲಿಲ್ಲ. ಹುಡುಗ ಈಗ ಬೇರೆ ಕೆಲಸದಲ್ಲಿ ಚೆನ್ನಾಗಿದ್ದಾನೆ, ಹಬ್ಬಕ್ಕೆ ತಪ್ಪದೆ ಶುಭಾಶಯ ಕಳಿಸುತ್ತಾನೆ. ಆ ವಿಷಯ ಎತ್ತುವುದಿಲ್ಲ.

ಇಂಥ ಕೆಲಸದವರು ಇನ್ನು ಬೇಡವೇ ಬೇಡ ಎನ್ನುವ ಭವಿಷ್ಯವಾಣಿಯೂ ಅಷ್ಟೇ. ಎಕ್ಸ್‌ರೇ, ಸ್ಕ್ಯಾನ್ ಓದುವ ವೈದ್ಯರನ್ನು ತಯಾರು ಮಾಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಎಂದು 2016ರಲ್ಲಿ ಹೇಳಿದವರು ಸಾಮಾನ್ಯರಲ್ಲ, ಕೃತಕ ಬುದ್ಧಿಮತ್ತೆಯ ಹೆಸರಾಂತ ವಿಜ್ಞಾನಿ ಜೆಫ್ರಿ ಹಿಂಟನ್. ಆಸ್ಪತ್ರೆಗಳು ಆ ವೈದ್ಯರನ್ನು ಇನ್ನೂ ಹುಡುಕುತ್ತಿವೆ.

ವರದಿ ಓದಬೇಡಿ ಎನ್ನುತ್ತಿಲ್ಲ. ನಾನೂ ಓದುತ್ತೇನೆ, ಆದರೆ ಮೊದಲು ನೋಡುವುದು ‘ಬದಲಿ ಹುದ್ದೆ’ಗಳ ಸಾಲನ್ನು. ವರ್ಷವರ್ಷ ತೆರೆಯುವ ಅವಕಾಶಗಳಲ್ಲಿ ಹೆಚ್ಚಿನವು ಬೆಳವಣಿಗೆಯಿಂದ ಬಂದವಲ್ಲ, ಇದ್ದವರು ನಿವೃತ್ತರಾಗಿಯೋ ಬೇಸತ್ತೋ ಬಿಟ್ಟುಹೋದ ಜಾಗಗಳು. ಯಾವುದು ಎಷ್ಟು ಎಂದು ತಿಳಿಯದೆ ಆ ಸಂಖ್ಯೆಗೆ ಖುಷಿಪಡುವುದು ಕಷ್ಟ.

ಅಪ್ಪನಿಗೆ ಇಷ್ಟನ್ನೂ ಹೇಳಿ ಮುಗಿಸುವಾಗ ಹುಡುಗಿ ಮೊದಲ ಸಲ ಬಾಯಿ ಬಿಟ್ಟಳು. “ಬಿಟ್ಟುಹೋದವರು ಯಾಕೆ ಬಿಟ್ಟರು ಅಂತ ಅವರನ್ನೇ ಕೇಳಬಹುದಾ ಮೇಡಂ?” ಹನ್ನೊಂದು ವರ್ಷ ನರ್ಸ್ ಆಗಿದ್ದು ಹೋದ ವರ್ಷ ಕೆಲಸ ಬಿಟ್ಟ ಒಬ್ಬರು ನನಗೆ ಪರಿಚಯ. ಅಲ್ಲೇ ಫೋನ್ ಮಾಡಿದೆ, ಶನಿವಾರ ಬನ್ನಿ ಎಂದರು. ಅಪ್ಪ ಮೊಬೈಲನ್ನು ಜೇಬಿಗಿಳಿಸಿ, “ನಾನೂ ಬರಬಹುದಾ?” ಎಂದು ಮಗಳನ್ನು ಕೇಳಿದರು.